ಇನ್ಸ್ಟಾಗ್ರಾಮ್ ಹುಡುಗ ಒಬ್ಬ ಇದ್ರೆ ಸಾಕಾ? ಪ್ರಾಡಕ್ಟ್ ಮಾರ್ಕೆಟಿಂಗ್ ಟೀಮ್ ಕಟ್ಟೋ ಬಗ್ಗೆ ಗೋಣಿಕೊಪ್ಪದಲ್ಲಿ ಆಡಿದ ಮಾತು

(ತೋಟದೋರು, ಸಣ್ಣದಾಗಿ ಕಾಫಿ-ಮೆಣಸು-ಜೇನು ಬ್ರಾಂಡ್ ಮಾಡ್ಕೊಂಡಿರೋರು, ಊರಲ್ಲೇ ಕೂತು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಕೆಲಸ ಮಾಡೋರು ಎಲ್ಲ ಸೇರಿದ್ದ ಒಂದು ಸಭೇಲಿ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದೀನಿ. ಮಧ್ಯ ಮಳೆ ಬಂದು ಶೀಟಿನ ಸದ್ದಿಗೆ ಏನೂ ಕೇಳಿಸದ ಕಡೆ ನೆನಪಿಂದ ತುಂಬಿಸಿದ್ದೀನಿ.)

ನನ್ನನ್ನ ಕರೆದೋರು ಫೋನಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಮಾರ್ಕೆಟಿಂಗ್ ಟೀಮ್ ಮಾಡ್ಬೇಕು, ಎಷ್ಟು ಜನ ಬೇಕಾಗುತ್ತೆ ಅಂತ. ಇವತ್ತು ಬಂದು ಕೂತ್ಮೇಲೆ ಪಕ್ಕದಲ್ಲಿದ್ದ ಹಿರಿಯರೊಬ್ರು ಇನ್ನೊಂದು ಕೇಳಿದ್ರು, ನಮ್ಮ ಹತ್ರ ಇನ್ಸ್ಟಾಗ್ರಾಮ್ ನೋಡ್ಕೊಳ್ಳೋ ಹುಡುಗ ಒಬ್ಬ ಇದ್ದಾನೆ, ಒಳ್ಳೆ ಫೋಟೋ ತೆಗೀತಾನೆ, ಡ್ರೋನ್ ಬೇರೆ ಇಟ್ಕೊಂಡಿದ್ದಾನೆ, ಅವನೊಬ್ಬ ಸಾಕಲ್ವಾ ಅಂತ. ಎರಡಕ್ಕೂ ಸೇರಿಸೇ ಉತ್ತರ ಹೇಳ್ತೀನಿ. ಎಷ್ಟು ಜನ ಅನ್ನೋದು ಆಮೇಲಿನ ಮಾತು, ಮೊದಲು ನಿಮ್ಮ ಮಾರಾಟ ಎಲ್ಲಿ ಬಂದು ನಿಂತು ಹೋಗ್ತಾ ಇದೆ ಅನ್ನೋದು ಗೊತ್ತಾಗ್ಬೇಕು, ಅದು ಗೊತ್ತಿಲ್ದೆ ಜನ ಸೇರಿಸ್ಕೊಂಡ್ರೆ ತಿಂಗಳಾ ತಿಂಗಳಾ ಸಂಬಳ ಹೋಗುತ್ತೆ, ಅಷ್ಟೇ.

ಬೆಂಗಳೂರಲ್ಲಿ ನಾನು ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದೇ ಕೆಲಸ ಮಾಡ್ಕೊಂಡಿದ್ದೋನು. ಅಲ್ಲಿ ಇದಕ್ಕೆ ಬೇರೆ ಟೀಮೇ ಇರುತ್ತೆ. ಏನು ಕಟ್ಟಬೇಕು ಅಂತ ಪ್ರಾಡಕ್ಟ್ ಮ್ಯಾನೇಜರ್ ನೋಡ್ಕೋತಾನೆ, ಸೇಲ್ಸ್‌ನೋರು ಮಾರ್ತಾರೆ, ಜಾಹೀರಾತಿನೋರು ಜನರ ಕಣ್ಣಿಗೆ ಬೀಳೋ ಹಾಗೆ ಮಾಡ್ತಾರೆ. ಇವರೆಲ್ಲರ ನಡುವೆ ಕೂತ್ಕೊಂಡು ಇದು ಯಾರಿಗೆ ಮಾಡ್ತಿರೋದು, ಅವರು ಈಗ ಏನು ಬಳಸ್ತಾ ಇದ್ದಾರೆ, ಅದನ್ನ ಬಿಟ್ಟು ನಮ್ಮ ಹತ್ರ ಯಾಕೆ ಬರ್ಬೇಕು, ಬಂದ್ರೆ ಎಷ್ಟು ಕೊಡ್ತಾರೆ, ಯಾವ ಮಾತಲ್ಲಿ ಹೇಳಿದ್ರೆ ತಲೆಗೆ ಹೋಗುತ್ತೆ ಅಂತ ಲೆಕ್ಕ ಹಾಕೋನೇ ಪ್ರಾಡಕ್ಟ್ ಮಾರ್ಕೆಟಿಂಗಿನೋನು. ಲಾಂಚ್ ಅವನದು, ಸೇಲ್ಸ್‌ನೋರ ಕೈಗೆ ಕೊಡೋ ಮಾತು ಅವನದು, ಪಕ್ಕದ ಕಂಪನಿ ಏನು ಮಾಡ್ತಾ ಇದೆ ಅಂತ ಕಣ್ಣಿಡೋದು ಅವನದು, ತಗೊಳ್ದೇ ಹೋದ ಗಿರಾಕಿಗೆ ಫೋನ್ ಮಾಡಿ ಯಾಕೆ ಸಾರ್ ಬೇಡ ಅಂದ್ರಿ ಅಂತ ಕೇಳೋದೂ ಅವನದೇ. ಈ ಕೊನೇದು ಯಾರಿಗೂ ಇಷ್ಟ ಆಗಲ್ಲ. ಆದ್ರೆ ಉಳಿದಿದ್ದೆಲ್ಲದಕ್ಕೂ ವಿಷಯ ಸಿಗೋದು ಅಲ್ಲೇ.

ಕೊಡಗಲ್ಲಿ ಈ ಕೆಲಸ ಇಷ್ಟು ದಿನ ಯಾಕೆ ಇರ್ಲಿಲ್ಲ ಅಂದ್ರೆ ಅದಕ್ಕೆ ಕಾರಣ ಇದೆ, ನಮ್ಮೋರು ದಡ್ಡರು ಅಂತ ಅಲ್ಲ. ಇಲ್ಲಿರೋ ಹಿರಿಯರಿಗೆ ನೆನಪಿರುತ್ತೆ, 1942ರ ಕಾಯ್ದೆ ಬಂದ ಮೇಲೆ ಬೆಳೆದ ಕಾಫಿ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೆ, ಅಂದ್ರೆ ಎಲ್ರ ಕಾಫಿ ಒಟ್ಟು ಸೇರಿಸೋ ಕಡೆಗೆ, ಹೋಗ್ತಿತ್ತು, ಬೋರ್ಡ್ ಹರಾಜು ಹಾಕ್ತಿತ್ತು, ದುಡ್ಡು ಕಂತು ಕಂತಾಗಿ ಬರ್ತಿತ್ತು. 1990ರ ದಶಕದಲ್ಲಿ ಸ್ವಲ್ಪ ಸ್ವಲ್ಪ ಸಡಿಲ ಮಾಡಿ 1996ರಲ್ಲಿ ಪೂರ್ತಿ ಬಿಟ್ರು. ಅಂದ್ರೆ 50 ವರ್ಷಕ್ಕೂ ಮೇಲೆ, ನಮ್ಮ ತಾತನ ಕಾಲ ಅಪ್ಪನ ಕಾಲ ಎರಡೂ ಸೇರಿ, ನನ್ನ ಕಾಫಿ ಯಾರು ಕುಡೀತಾರೆ ಅಂತ ತಿಳ್ಕೊಳ್ಳೋ ದರ್ದೇ ಬೆಳೆಗಾರನಿಗೆ ಇರ್ಲಿಲ್ಲ, ಬೆಳೆಯೋದು ನನ್ನದು, ಮಾರೋದು ಬೋರ್ಡಿಂದು. ಈಗ್ಲೂ ಹೆಚ್ಚಿನೋರು ಕಣದಲ್ಲೇ ಕೊಡ್ತಾರೆ, 50 ಕೆಜಿ ಚೀಲಕ್ಕೆ ಔಟ್‌ಟರ್ನ್, ಅಂದ್ರೆ ಒಣಗಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತೆ ಅಂತ ನೋಡಿ, ಮಾಯಿಶ್ಚರ್, ಅಂದ್ರೆ ತೇವ ನೋಡಿ ರೇಟ್. ಆ ವ್ಯಾಪಾರದಲ್ಲಿ ಗಿರಾಕಿ ಅಂದ್ರೆ ಲಾರಿ ತರೋನು. ಅದು ತಪ್ಪು ಅಂತ ನಾನು ಹೇಳ್ತಾನೇ ಇಲ್ಲ, 2024ರಲ್ಲಿ ರೋಬಸ್ಟಾ ಕಾಫಿ ರೇಟ್ ಹಿಂದೆಂದೂ ಕಾಣದ ಎತ್ತರಕ್ಕೆ ಹೋದಾಗ ಹುರಿದು ಪುಡಿ ಮಾಡಿ ಪ್ಯಾಕೆಟ್ಟಿಗೆ ತುಂಬಿ ಕೊರಿಯರ್‌ನೋನ ಹತ್ರ ಜಗಳ ಆಡೋದಕ್ಕಿಂತ ಚೀಲ ಚೀಲ ಕೊಟ್ಟು ಕೈ ತೊಳ್ಕೊಳ್ಳೋದೇ ವಾಸಿ ಅಂತ ಯಾರಿಗಾದ್ರೂ ಅನ್ನಿಸಿದ್ರೆ ಅವರ ಲೆಕ್ಕ ಸರಿಯಾಗೇ ಇತ್ತು. ಬ್ರಾಂಡ್ ಮಾಡ್ಬೇಕು ಅಂದ್ರೆ ಆ ಚೀಲದ ರೇಟಿಗಿಂತ ಜಾಸ್ತಿ ಯಾಕೆ ಸಿಗುತ್ತೆ ಅನ್ನೋದಕ್ಕೆ ಒಂದು ಉತ್ತರ ಇರ್ಬೇಕು. ಆ ಉತ್ತರ ಹುಡುಕೋದು ಡ್ರೋನ್ ಹುಡುಗನ ಕೆಲಸ ಅಲ್ಲ.

ಕುಶಾಲನಗರದಿಂದ ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಬರೋ ದಾರೀಲಿ ಅಂಗಡಿಗಳು ನೋಡಿದ್ದೀರಲ್ಲ. ಕಾಫಿಪುಡಿ, ಜೇನು, ಏಲಕ್ಕಿ, ಕರಿಮೆಣಸು, ಹೋಮ್‌ಮೇಡ್ ಚಾಕಲೇಟು, ಹೋಮ್‌ಮೇಡ್ ವೈನು, ಆ ಅಂಗಡೀಲಿ ಇರೋದೇ ಈ ಅಂಗಡೀಲೂ. ಪ್ಯಾಕೆಟ್ ಮೇಲೆ ಒಂದು ಬೆಟ್ಟ, ಒಂದು ಕಪ್ಪು, ಇಲ್ಲಾಂದ್ರೆ ಕೊಡವರು ಸೊಂಟಕ್ಕೆ ಸಿಕ್ಕಿಸ್ಕೊಳ್ಳೋ ಒಂದು ಪೀಚೆಕತ್ತಿ, ಕೆಳಗೆ ಶುದ್ಧ ಕೊಡಗು ಕಾಫಿ. ಸಾಲಾಗಿ ಎಲ್ರೂ ಅದನ್ನೇ ಹೇಳ್ತಾ ಇದ್ರೆ ಗಿರಾಕಿಗೆ ಹೋಲಿಸಿ ನೋಡೋಕೆ ಉಳಿಯೋದು ರೇಟ್ ಒಂದೇ, ಅವನು ಚೌಕಾಶಿ ಮಾಡ್ತಾನೆ ಅಂತ ಆಮೇಲೆ ನಾವೇ ಬೈಕೋತೀವಿ. ಇದರ ಜೊತೆ ಇನ್ನೊಂದು ಇದೆ, ಆ ದಾರೀಲಿ ಹೋಗೋ ಟೂರಿಸ್ಟ್ ಮೇಲೇ ಪೂರ್ತಿ ನಿಂತ ಬ್ರಾಂಡಿಗೆ 2018ರ ಆಗಸ್ಟಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ, ಮತ್ತೆ 2020ರ ಲಾಕ್‌ಡೌನಲ್ಲಿ, ಗಿರಾಕಿನೇ ಇಲ್ಲ. ಅವನ ಫೋನ್ ನಂಬರೂ ಇಲ್ಲ.

ಈಗ ಕಾಫಿ ಕೊಳ್ಳೋರು ಯಾರ್ಯಾರು ಅಂತ ನೋಡಿ. ಮೈಸೂರಲ್ಲಿ ಎರಡು ಹೊತ್ತು ಫಿಲ್ಟರ್ ಕಾಫಿ ಕುಡಿಯೋ ಮನೆ, ಅವರ ಪ್ರಶ್ನೆ ಚಿಕೋರಿ 80-20ಆ 70-30ಆ, ಡಿಕಾಕ್ಷನ್ ಗಟ್ಟಿ ಇಳಿಯುತ್ತಾ, ಹೋದ ತಿಂಗಳ ರುಚಿನೇ ಈ ತಿಂಗಳೂ ಇರುತ್ತಾ. ಬೆಂಗಳೂರಿನ ಕೆಫೆಗೆ ಬೀಜ ಹುರಿಯೋ ರೋಸ್ಟರ್ ಇನ್ನೊಬ್ಬ, ಅವನ ಎದುರಿಗೆ ಚಿಕೋರಿ ಅನ್ನೋ ಮಾತೇ ಎತ್ತೋ ಹಾಗಿಲ್ಲ, ಅವನಿಗೆ ತೋಟದ ಯಾವ ಬ್ಲಾಕಿನ ಕಾಫಿ, ಎಷ್ಟು ಎತ್ತರ, ಹಣ್ಣು ಒಣಗಿಸಿದ ರೀತಿ ವಾಶ್ಡಾ (ತೊಳೆದಿದ್ದಾ) ನ್ಯಾಚುರಲ್ಲಾ (ಹಣ್ಣು ಹಂಗೇ ಒಣಗಿಸಿದ್ದಾ) ಹನಿ ಪ್ರೋಸೆಸ್ಸಾ, ಯಾವಾಗ ಕುಯ್ದಿದ್ದು, ಕಪ್ಪಿಂಗ್‌ನಲ್ಲಿ, ಅಂದ್ರೆ ರುಚಿ ನೋಡಿ ಅಂಕ ಕೊಡೋ ಪರೀಕ್ಷೇಲಿ, 100ಕ್ಕೆ 80ರ ಮೇಲೆ ಬಂತಾ, ಇದೆಲ್ಲ ಬೇಕು. ಹೋಟೆಲಿನೋನಿಗೆ ಇದು ಯಾವುದೂ ಬೇಡ, ಎಷ್ಟು ದಿನ ಸಾಲ ಕೊಡ್ತೀರಿ, ವರ್ಷ ಪೂರ್ತಿ ಒಂದೇ ರೇಟ್ ಹಿಡೀತೀರಾ, ಮಿಷಿನ್ ಕೆಟ್ರೆ ಯಾರು ಬರ್ತಾರೆ. ಟೂರಿಸ್ಟಿಗೆ ಅತ್ತೆಗೆ ಕೊಡೋಕೆ ಚೆನ್ನಾಗಿರೋ ಪ್ಯಾಕೆಟ್. ಒಂದೇ ತೋಟದ ಕಾಫಿ ನಾಲ್ಕು ಜನಕ್ಕೂ ಹೋಗ್ಬಹುದು, ಆದ್ರೆ ಒಂದೇ ಪ್ಯಾಕೆಟಲ್ಲಿ, ಒಂದೇ ಮಾತಲ್ಲಿ, ಒಂದೇ ರೇಟಲ್ಲಿ ಹೋಗಲ್ಲ. ಈ ನಾಲ್ವರಲ್ಲಿ ಈ ವರ್ಷಕ್ಕೆ ಯಾರು ಬೇಕು, ಯಾರು ಬೇಡ ಅಂತ ಹೇಳೋ ಧೈರ್ಯ ಯಾರಿಗಿದೆಯೋ ಅವನೇ ನಿಮ್ಮ ಮೊದಲ್ನೇ ಪ್ರಾಡಕ್ಟ್ ಮಾರ್ಕೆಟಿಂಗ್ ಮನುಷ್ಯ. ಬೇಡ ಅಂತ ಹೇಳೋದಿದ್ಯಲ್ಲ, ಅದೇ ಕಷ್ಟ.

ಇಲ್ಲಿ ಒಂದು ಹಳೇ ವಿಷಯ ಹೇಳ್ತೀನಿ. ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನೀಲಿ ನೀಲ್ ಮೆಕೆಲ್‌ರಾಯ್ ಅಂತ ಒಬ್ಬ ಇದ್ದ, ಕ್ಯಾಮೆ ಅನ್ನೋ ಸೋಪಿನ ಜಾಹೀರಾತು ನೋಡ್ಕೋತಿದ್ದ, ಅವನ ಸೋಪಿಗೆ ಹೊರಗಿನೋರ ಜೊತೆಗೆ ತಮ್ಮದೇ ಕಂಪನಿಯ ಐವರಿ ಸೋಪಿನ ಕಾಟ ಬೇರೆ. 1931ರ ಮೇ ತಿಂಗಳಲ್ಲಿ ಮೇಲಿನೋರಿಗೆ ಒಂದು ಮೆಮೊ ಬರೆದ, ಒಂದೊಂದು ಬ್ರಾಂಡಿಗೂ ಪೂರ್ತಿ ಜವಾಬ್ದಾರಿ ಹೊರೋ ಮನುಷ್ಯ ಇರ್ಬೇಕು ಅಂತ. ಇವತ್ತು ಪ್ರಾಡಕ್ಟ್ ಮ್ಯಾನೇಜ್‌ಮೆಂಟು, ಪ್ರಾಡಕ್ಟ್ ಮಾರ್ಕೆಟಿಂಗು ಎರಡರ ಬೇರೂ ಅಲ್ಲೇ ಇದೆ ಅಂತಾರೆ. ಆ ಮನುಷ್ಯ ಆಮೇಲೆ ಅದೇ ಕಂಪನಿಯ ಅಧ್ಯಕ್ಷ ಆದ, 1957ರಲ್ಲಿ ಅಮೆರಿಕದ ರಕ್ಷಣಾ ಮಂತ್ರಿನೂ ಆದ, ಅದು ಬಿಡಿ. ನನಗೆ ಆ ಮೆಮೊದಲ್ಲಿ ಇಷ್ಟ ಆಗೋದು ಏನಂದ್ರೆ ಅದು ಸಿದ್ಧಾಂತ ಅಲ್ಲ, ಇನ್ನೂ ಜನ ಬೇಕು ಕೊಡಿ ಅಂತ ಕೇಳಿದ ಕಾಗದ. ಆ ಜನ ಏನು ಮಾಡ್ತಾರೆ ಅಂತಾನೂ ಬರೆದ: ಮಾಲು ಎಲ್ಲೆಲ್ಲಿ ಎಷ್ಟು ಹೋಗ್ತಿದೆ ಅಂತ ಲೆಕ್ಕ ನೋಡ್ಬೇಕು, ಚೆನ್ನಾಗಿ ಹೋಗ್ತಿರೋ ಕಡೆ ಏನು ಕೆಲಸ ಮಾಡ್ತಿದೆ ಅಂತ ನೋಡಿ ಬೇರೆ ಕಡೆ ಹಚ್ಬೇಕು, ಹೋಗದೆ ಇರೋ ಕಡೆಗೆ ತಾನೇ ಖುದ್ದು ಹೋಗಿ ಅಂಗಡಿಯೋರ ಹತ್ರ, ಕೊಳ್ಳೋರ ಹತ್ರ ಮಾತಾಡಿ ತೊಂದರೆ ಏನು ಅಂತ ಪತ್ತೆ ಮಾಡ್ಬೇಕು. ಜಾಹೀರಾತಿನ ಅಕ್ಷರ ತಿದ್ದೋದಷ್ಟೇ ಅವನ ಕೆಲಸ ಅಲ್ಲ. 90 ವರ್ಷ ದಾಟಿದ್ರೂ ಇದಕ್ಕಿಂತ ಒಳ್ಳೆ ಜಾಬ್ ಡಿಸ್ಕ್ರಿಪ್ಷನ್ ನಾನು ನೋಡಿಲ್ಲ.

ಸರಿ, ಮೊದಲ್ನೇ ಮನುಷ್ಯ ಯಾರಾಗ್ಬೇಕು. ದೊಡ್ಡ ಕಂಪನೀಲಿ ಹತ್ತು ಹದಿನೈದು ವರ್ಷ ಇದ್ದು ಬಂದೋರನ್ನ ದೊಡ್ಡ ಸಂಬಳ ಕೊಟ್ಟು ತರ್ಬೇಡಿ, ಅವರು ಬಂದ ತಕ್ಷಣ ಕೇಳೋದು ನನ್ನ ಟೀಮ್ ಎಲ್ಲಿ ಅಂತ. ಮೊದಲ್ನೇವ್ರು ಎಲ್ಲಾನೂ ಒಂದಿಷ್ಟು ಕೈಯಾರೆ ಮಾಡೋರಾಗಿರ್ಬೇಕು, ಬರೀಬೇಕು, ಫೋನ್ ಮಾಡ್ಬೇಕು, ರೇಟಿನ ಲೆಕ್ಕ ಹಾಕ್ಬೇಕು, ಹುರಿಯೋನ ಹತ್ರ ಹೋಗಿ ಈ ರೋಸ್ಟ್ ಮೈಸೂರಿನೋರಿಗೆ ಲೈಟ್ ಆಯ್ತು ಅಂತ ಹೇಳೋ ಬಾಯಿ ಇರ್ಬೇಕು. ಎಂಬಿಎ ಇದ್ರೆ ಇರ್ಲಿ. ನನಗೆ ಇಂಥವರು ಹೆಚ್ಚು ಸಿಕ್ಕಿರೋದು ಹೋಮ್‌ಸ್ಟೇ ರಿಸೆಪ್ಷನ್‌ನಲ್ಲಿ ಕೂತೋರಲ್ಲಿ, ಗಿರಾಕಿ ಬಾಯಿ ಬಿಡೋ ಮುಂಚೆ ಇವರಿಗೆ ಏನು ಬೇಕು ಅಂತ ಗೊತ್ತಾಗುತ್ತೆ ಅವರಿಗೆ. ಇಂಟರ್ವ್ಯೂನಲ್ಲಿ ನಾನು ಪವರ್‌ಪಾಯಿಂಟ್ ಕೇಳಲ್ಲ, ನಿಮ್ಮ ಪ್ಯಾಕೆಟ್ ಒಂದು ಕೈಗೆ ಕೊಟ್ಟು ಅದು ಮಾರಾಟ ಆಗದೆ ಇರೋ ಅಂಗಡಿಗೆ ಕಳಿಸಿ, ವಾಪಸ್ ಬಂದು ಯಾಕೆ ಹೋಗ್ತಿಲ್ಲ ಅಂತ ಒಂದು ಪುಟ ಬರ್ಕೊಡಿ ಅಂತೀನಿ. ಪ್ಯಾಕಿಂಗ್ ಚೆನ್ನಾಗಿಲ್ಲ, ಇನ್ನೂ ಪ್ರಚಾರ ಬೇಕು ಅಂತ ಬರೆದ್ರೆ ಥ್ಯಾಂಕ್ಸ್ ಹೇಳಿ ಕಳಿಸಿ. ಅಂಗಡಿಯೋನು ನಿಮ್ಮ ಪ್ಯಾಕೆಟ್ ಹಿಂದಿನ ಸಾಲಲ್ಲಿ ಇಡ್ತಾನೆ ಯಾಕಂದ್ರೆ ಪಕ್ಕದ ಬ್ರಾಂಡಿನೋರು ಮಾರಾಟ ಆಗದ ಮಾಲು ಅವನಿಂದ ವಾಪಸ್ ತಗೋತಾರೆ, ನೀವು ತಗೊಳ್ಳಲ್ಲ ಅಂತ ಬರೆದ್ರೆ, ಅವತ್ತೇ ಸೇರಿಸ್ಕೊಳ್ಳಿ.

ಆಮೇಲೆ ಟೀಮ್ ಹೆಂಗೆ ಹಂಚೋದು ಅನ್ನೋದು. ಸಾಫ್ಟ್‌ವೇರ್‌ನಲ್ಲಿ ಮೂರ್ನಾಲ್ಕು ರೀತಿ ಮಾಡ್ತಾರೆ. ಒಂದೊಂದು ಪ್ರಾಡಕ್ಟಿಗೆ ಒಬ್ಬೊಬ್ರು ಅನ್ನೋದು ಎಲ್ಲಾರೂ ಮೊದಲು ಮಾಡೋದು, ಪ್ರಾಡಕ್ಟ್ ಮ್ಯಾನೇಜರ್ ಜೊತೆ ಜೋಡಿ ಸುಲಭ. ಗಿರಾಕಿ ಗುಂಪಿಗೆ ಒಬ್ಬೊಬ್ರು ಅನ್ನೋದು ಇನ್ನೊಂದು, ಬ್ಯಾಂಕಿನೋರಿಗೆ ಒಬ್ರು, ಆಸ್ಪತ್ರೆಯೋರಿಗೆ ಒಬ್ರು. ತೀರಾ ದೊಡ್ಡದಾದ ಮೇಲೆ ಕೆಲಸದ ಪ್ರಕಾರ ಒಡೀತಾರೆ, ಲಾಂಚ್‌ಗೆ ಬೇರೆ, ಎದುರಾಳಿ ಸ್ಟಡಿಗೆ ಬೇರೆ, ಸೇಲ್ಸ್ ಟ್ರೈನಿಂಗಿಗೆ ಬೇರೆ. ದೇಶಕ್ಕೊಬ್ರು ಅಂತಾನೂ ಇದೆ. ಇಲ್ಲಿರೋ ಸಾಫ್ಟ್‌ವೇರಿನೋರಿಗೆ ನನ್ನ ಮಾತು, ನಿಮ್ಮ ಪ್ರಾಡಕ್ಟುಗಳು ಒಂದಕ್ಕೊಂದು ಸಂಬಂಧ ಇಲ್ದೇ ಇದ್ರೆ ಪ್ರಾಡಕ್ಟ್ ಪ್ರಕಾರ ಹಂಚಿ, ಒಬ್ಬನೇ ಗಿರಾಕಿ ನಿಮ್ಮ ಮೂರು ಪ್ರಾಡಕ್ಟ್ ತಗೊಳ್ತಾ ಇದ್ರೆ ಪ್ರಾಡಕ್ಟ್ ಪ್ರಕಾರ ಹಂಚೋದು ತಪ್ಪು, ಮೂರು ಜನ ಮೂರು ಇಮೇಲ್ ಕಳಿಸಿ ಅವನ ತಲೆ ಕೆಡಿಸ್ತಾರೆ.

ಕಾಫಿ-ಮೆಣಸು ಬ್ರಾಂಡಿನೋರಿಗೆ ನಾನು ಕಣ್ಣು ಮುಚ್ಕೊಂಡು ಹೇಳ್ತೀನಿ, ಗಿರಾಕಿ ಪ್ರಕಾರ ಹಂಚಿ. ಕಾಫಿಗೊಬ್ಬ, ಜೇನಿಗೊಬ್ಬ, ಮೆಣಸಿಗೊಬ್ಬ ಅಂತ ಮಾಡ್ಬೇಡಿ, ಮನೆಗೆ ಕೊಳ್ಳೋರನ್ನ ಒಬ್ರು ನೋಡ್ಕೊಳ್ಳಿ, ಕೆಫೆ-ಹೋಟೆಲ್ ಕಡೆ ಇನ್ನೊಬ್ರು. ಯಾಕಂದ್ರೆ ಮೈಸೂರಿನ ಆ ಮನೆ ಕಾಫಿ ಜೊತೆ ಮೆಣಸೂ ತಗೊಳ್ಳುತ್ತೆ, ಕೆಫೆಯೋನು ಮೆಣಸು ಯಾಕೆ ತಗೋತಾನೆ. ಎರಡು ಜನ ಆದ್ಮೇಲೆ ಮೂರನೇವ್ರು ಬೇಕು ಅನ್ನಿಸಿದ್ರೆ ಹೊಸ ಗಿರಾಕಿ ಗುಂಪು ನಿಜವಾಗ್ಲೂ ಶುರು ಮಾಡ್ತಿದ್ದೀರಾ ಅಂತ ನೋಡಿ, ಇಲ್ಲಾಂದ್ರೆ ಬೇಡ. ಆ ಡ್ರೋನ್ ಹುಡುಗ ಇದ್ದಾನಲ್ಲ, ಅವನನ್ನ ತೆಗೀಬೇಡಿ ಪಾಪ, ಅವನು ಬೇಕು, ಆದ್ರೆ ಏನು ಹೇಳ್ಬೇಕು ಅಂತ ತೀರ್ಮಾನ ಆದ್ಮೇಲೆ ಬೇಕು.

ಯಾರಿಗೆ ರಿಪೋರ್ಟ್ ಮಾಡ್ಬೇಕು ಅನ್ನೋದ್ರಲ್ಲಿ ದೊಡ್ಡ ಕಂಪನಿಗಳಲ್ಲಿ ಕುಸ್ತಿನೇ ನಡೆಯುತ್ತೆ. ಮಾರ್ಕೆಟಿಂಗ್ ಹೆಡ್ ಕೆಳಗೆ ಹಾಕಿದ್ರೆ ನಿಧಾನಕ್ಕೆ ಬ್ರೋಷರ್ ಬರೆಯೋನಾಗಿ ಹೋಗ್ತಾನೆ, ಪ್ರಾಡಕ್ಟ್ ಹೆಡ್ ಕೆಳಗೆ ಹಾಕಿದ್ರೆ ಮಾರುಕಟ್ಟೆಯಿಂದ ದೂರ ಆಗ್ತಾನೆ, ಸೇಲ್ಸ್ ಕೆಳಗೆ ಹಾಕಿದ್ರೆ ಕೇಳೋದೇ ಬೇಡ, ನಾಳೆ ಮೀಟಿಂಗಿಗೆ ಸ್ಲೈಡ್ ಮಾಡ್ಕೊಡು ಅನ್ನೋದೇ ಕೆಲಸ. ಸಣ್ಣ ಕಂಪನೀಲಿ ನೇರ ಮಾಲೀಕರಿಗೇ ಉತ್ತರ ಕೊಡೋ ಹಾಗಿರ್ಲಿ. ಮತ್ತೆ ಮೊದಲ ದಿನಾನೇ ಬರ್ದಿಟ್ಟುಬಿಡಿ, ಯಾವುದು ಅವನು ಒಬ್ಬನೇ ತೀರ್ಮಾನ ಮಾಡ್ಬಹುದು, ಯಾವುದಕ್ಕೆ ನಿಮ್ಮನ್ನ ಕೇಳ್ಬೇಕು, ಯಾವುದರಲ್ಲಿ ಅವನ ಮಾತು ಕೇಳ್ದೆ ನೀವು ಮಾಡೋ ಹಾಗಿಲ್ಲ. ರೇಟು ಈ ಮೂರನೇದರಲ್ಲಿ ಬರ್ಬೇಕು. ಇಲ್ಲಿ ಎಷ್ಟೋ ಕಡೆ ರೇಟ್ ಹೆಂಗೆ ಫಿಕ್ಸ್ ಆಗುತ್ತೆ ಅಂದ್ರೆ ಪಕ್ಕದ ಬ್ರಾಂಡಿಂದು ನೋಡಿ ಹತ್ತು ರೂಪಾಯಿ ಕಮ್ಮಿ. ಹಂಗೆ ಮಾಡೋದಾದ್ರೆ ಟೀಮ್ ಯಾಕೆ ಬೇಕು.

ಹೊಸ ಪ್ರಾಡಕ್ಟ್ ಹೊರಗೆ ಬಿಡೋ ವಿಷಯ ಸ್ವಲ್ಪ ಬೇಗ ಹೇಳಿ ಮುಗಿಸ್ತೀನಿ. ಎಲ್ಲದಕ್ಕೂ ಒಂದೇ ಗಲಾಟೆ ಮಾಡ್ಬೇಡಿ. ಹೊಸ ಗಿರಾಕಿ ಗುಂಪಿಗೆ ಕಾಲಿಡೋದು ದೊಡ್ಡ ಲಾಂಚ್, ಹೊಸ ಲಾಟ್ ಬಂದ್ರೆ ಮಧ್ಯಮದ್ದು, ಪ್ಯಾಕೆಟ್ ಬಣ್ಣ ಬದಲಾದ್ರೆ ಅಂಗಡಿಯೋರಿಗೆ ಒಂದು ಮೆಸೇಜ್ ಸಾಕು. ಕ್ಯಾಲೆಂಡರ್ ಹೇಗೂ ನಮ್ಮ ತೋಟವೇ ಮಾಡ್ಕೊಟ್ಟಿದೆ, ಅರೇಬಿಕಾ ಕುಯ್ಲು ನವೆಂಬರಿಂದ, ರೋಬಸ್ಟಾ ಅದರ ಹಿಂದೆ, ಕೆಫೆ ರೋಸ್ಟರ್‌ಗಳಿಗೆ ಸ್ಯಾಂಪಲ್ ಹೊಸ ಬೆಳೆ ಒಣಗಿದ ತಕ್ಷಣ ಹೋಗ್ಬೇಕು, ಅಕ್ಟೋಬರಲ್ಲಿ ದಸರಾಕ್ಕೆ ಜನ ಬರೋ ಹೊತ್ತಿಗೆ ಗಿಫ್ಟ್ ಪ್ಯಾಕ್ ಅಂಗಡೀಲಿ ಇರ್ಬೇಕು. ಕುಯ್ಲು ನಡೀತಿರುವಾಗ ತೋಟದ ಯಜಮಾನ್ರನ್ನ ಮೀಟಿಂಗಿಗೆ ಕರೀಬೇಡಿ, ಆಳುಗಳು ಸಿಗ್ತಿಲ್ಲ ಅಂತ ಅವರ ತಲೆ ಬಿಸಿ ಆಗಿರುತ್ತೆ.

ಮಾರೋರಿಗೆ ಕಲಿಸೋದು ಮಾತ್ರ ಯಾವತ್ತೂ ಬಿಡ್ಬೇಡಿ. ಒಂದು ಅಂಗಡೀಲಿ ನಾನೇ ಕಿವಿಯಾರೆ ಕೇಳಿದ್ದು, ಗಿರಾಕಿ ಹನಿ ಪ್ರೋಸೆಸ್ ಅಂದ್ರೇನು ಅಂತ ಕೇಳಿದ್ರು, ಹುಡುಗ ಒಂದು ಕ್ಷಣಾನೂ ತಡಮಾಡ್ದೆ ನಮ್ಮ ತೋಟದ ಜೇನೇ ಹಾಕ್ತೀವಿ ಮೇಡಂ ಅಂದ. (ನಗು.) ಜೇನು ಎಲ್ಲಿಂದ ಬಂತು, ಹಣ್ಣಿನ ಲೋಳೆ ಸ್ವಲ್ಪ ಉಳಿಸಿ ಒಣಗಿಸೋದು ಅಷ್ಟೇ ತಾನೆ. ಹುಡುಗನ ತಪ್ಪಲ್ಲ, ಅವನಿಗೆ ಯಾರೂ ಹೇಳೇ ಇಲ್ಲ, ಪ್ಯಾಕೆಟ್ ಮಾತ್ರ ಜೋಡಿಸಿ ಹೋಗಿದ್ರು. ಲೇಬಲ್ಲೂ ಇದೇ ಕಥೆ. ಕೊಡಗು ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಇಂಥ ಜಾಗದ್ದೇ ಮಾಲು ಅನ್ನೋ ಸರ್ಕಾರಿ ಗುರುತು ಬಂತು, ನೋಡಿ ಅರೇಬಿಕಾಗೆ, ನಮ್ಮ ಜಿಲ್ಲೇಲಿ ಜಾಸ್ತಿ ಬೆಳೆಯೋದು ರೋಬಸ್ಟಾ. ರೋಬಸ್ಟಾ ತುಂಬಿದ ಪ್ಯಾಕೆಟ್ ಮೇಲೆ ಆ ಹೆಸರು ಹೊಡ್ಕೊಂಡ್ರೆ ಇವತ್ತಲ್ಲ ನಾಳೆ ಕೇಳೋರು ಬರ್ತಾರೆ. ಚಿಕೋರಿ ಮಿಶ್ರಣ ಮಾರೋದಾದ್ರೆ ಕಾಫಿ ಶೇ 51ಕ್ಕಿಂತ ಕಮ್ಮಿ ಇರೋ ಹಾಗಿಲ್ಲ, ಎಷ್ಟೆಷ್ಟು ಅಂತ ಲೇಬಲಲ್ಲಿ ಬರೀಲೇಬೇಕು. ಇದನ್ನ ಪ್ರಿಂಟಿಗೆ ಹೋಗೋ ಮುಂಚೆ ನೋಡೋನು ಟೀಮಲ್ಲಿ ಒಬ್ಬ ಇರ್ಬೇಕು, ಡಿಸೈನರ್ ನೋಡಲ್ಲ. ಮತ್ತೆ ರೋಬಸ್ಟಾ ಅಂತ ಹೇಳೋಕೆ ನಾಚಿಕೆ ಯಾಕೆ, ಒಳ್ಳೆ ರೋಬಸ್ಟಾ ಪಾರ್ಚ್‌ಮೆಂಟನ್ನೇ, ಅಂದ್ರೆ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜಾನೇ, ಕಾಪಿ ರಾಯಲ್ ಅಂತ ಬೇರೆ ದರ್ಜೆ ಮಾಡಿ ಹೊರದೇಶಕ್ಕೆ ಕಳಿಸ್ತಾರೆ, ನಾವೇ ನಮ್ಮ ಪ್ಯಾಕೆಟಲ್ಲಿ ಅದನ್ನ ಮುಚ್ಚಿಡ್ತೀವಿ.

ಕೆಲಸ ಆಗ್ತಿದೆಯಾ ಇಲ್ವಾ ಅಂತ ಅಳೆಯೋಕೆ ಲೈಕ್ ಲೆಕ್ಕ ಹಾಕ್ಬೇಡಿ. ಮೊದಲ ಸಲ ತಗೊಂಡೋರಲ್ಲಿ ಎರಡನೇ ಸಲ ಎಷ್ಟು ಜನ ಬಂದ್ರು, ಸ್ಯಾಂಪಲ್ ಹೋದ ಕೆಫೆಗಳಲ್ಲಿ ಎಷ್ಟು ಆರ್ಡರ್ ಆಯ್ತು, ರೇಟ್ ಇಳಿಸ್ದೆ ಎಷ್ಟು ಹೋಯ್ತು. ನನ್ನ ಕೇಳಿದ್ರೆ ಈ ಮೂರು ಸಾಕು.

ಕೊನೇಲಿ ಬಂದ ಪ್ರಶ್ನೆಗಳಲ್ಲಿ ಎರಡು ಮಾತ್ರ ಇಲ್ಲಿ ಬರೀತೀನಿ. ಒಬ್ರು ಕೇಳಿದ್ರು, ನಮ್ಮದು ಹತ್ತು ಎಕರೆ, ಇಷ್ಟೆಲ್ಲ ಜನಕ್ಕೆ ಸಂಬಳ ಎಲ್ಲಿಂದ ತರೋದು. ನಿಜ, ಒಬ್ರೇ ತರೋಕಾಗಲ್ಲ, ಐದಾರು ಜನ ಸೇರಿ ಒಬ್ಬರನ್ನ ಇಟ್ಕೊಳ್ಳಿ. ಒಟ್ಟಿಗೆ ಮಾರೋದು ಕೊಡಗಿಗೆ ಹೊಸದೇನಲ್ಲ, ವಿರಾಜಪೇಟೆಯ ಜೇನು ಸಹಕಾರ ಸಂಘ 1936ರದ್ದು. ಆದ್ರೆ ಸೇರೋ ಮುಂಚೆ ಒಂದು ಒಪ್ಪಂದ ಮಾಡ್ಕೊಳ್ಳಿ, ಐದೂ ಜನದ ಕಾಫಿ ಒಂದೇ ಗಿರಾಕಿಗೆ ಒಂದೇ ಹೆಸರಲ್ಲಿ ಹೋಗುತ್ತಾ, ಇಲ್ಲ ಬೇರೆ ಬೇರೆ ಗಿರಾಕಿಗೆ ಬೇರೆ ಬೇರೆ ಹೆಸರಲ್ಲಾ. ಒಂದೇ ಗಿರಾಕಿಗೆ ಐದು ಹೆಸರು ಅಂದ್ರೆ ಆ ಪಾಪದ ಮನುಷ್ಯ ಯಾರ ಕಾಫಿ ಒಳ್ಳೇದು ಅಂತ ಹೇಳ್ಬೇಕು, ಮೂರು ತಿಂಗಳಲ್ಲಿ ಬಿಟ್ಟು ಹೋಗ್ತಾನೆ.

ಇನ್ನೊಬ್ರು ಪೊನ್ನಂಪೇಟೆ ಕಡೆಯ ಹುಡುಗಿ, ಮನೆಯಿಂದಾನೇ ಒಂದು ಸಾಫ್ಟ್‌ವೇರ್ ಕಂಪನಿಗೆ ಮೊದಲ್ನೇ ಪ್ರಾಡಕ್ಟ್ ಮಾರ್ಕೆಟಿಂಗ್ ಆಗಿ ಸೇರಿದ್ದಾರಂತೆ, ಮೊದಲ ಮೂರು ತಿಂಗಳು ಏನು ಮಾಡ್ಲಿ ಅಂತ ಕೇಳಿದ್ರು. ವೆಬ್‌ಸೈಟ್ ಬದಲಾಯಿಸೋಕೆ ಹೋಗ್ಬೇಡಿ, ಎಲ್ರೂ ಮೊದಲು ಅದನ್ನೇ ಕೇಳ್ತಾರೆ, ಸ್ವಲ್ಪ ತಡೀರಿ ಅನ್ನಿ. ಸೇಲ್ಸ್ ಕಾಲ್‌ಗಳಲ್ಲಿ ಸುಮ್ನೆ ಕೂತು ಕೇಳಿ, ಸೇಲ್ಸ್‌ನ ಒಬ್ಬೊಬ್ರು ನಿಮ್ಮ ಪ್ರಾಡಕ್ಟ್ ಬಗ್ಗೆ ಏನು ಹೇಳ್ತಾರೆ ಅಂತ ಅವರ ಮಾತಲ್ಲೇ ಬರ್ಕೊಳ್ಳಿ, ಆಮೇಲೆ ತಗೊಂಡೋರಿಗೆ, ತಗೊಳ್ದೇ ಹೋದೋರಿಗೆ ಇಬ್ರಿಗೂ ಫೋನ್ ಮಾಡಿ ಅವರು ಹೇಳೋ ಕಾರಣಾನೂ ಬರ್ಕೊಳ್ಳಿ. ಎರಡು ಪಟ್ಟಿ ಪಕ್ಕಪಕ್ಕ ಇಟ್ರೆ ಸೇಲ್ಸ್‌ನೋರು ಹೇಳೋದಕ್ಕೂ ಗಿರಾಕಿ ತಗೊಂಡ ಕಾರಣಕ್ಕೂ ಎಲ್ಲಿ ತಾಳೆ ಆಗ್ತಿಲ್ಲ ಅಂತ ಕಾಣುತ್ತೆ. ಅದನ್ನ ಒಂದೇ ಪುಟದಲ್ಲಿ ಬರೆದು ಫೌಂಡರ್‌ಗೆ, ಪ್ರಾಡಕ್ಟ್‌ನೋರಿಗೆ, ಸೇಲ್ಸ್‌ನೋರಿಗೆ ಒಟ್ಟಿಗೆ ಕಳಿಸಿ, ಒಬ್ಬೊಬ್ರಿಗೆ ಬೇರೆ ಬೇರೆ ಕಳಿಸ್ಬೇಡಿ. ಎರಡನೇ ಮನುಷ್ಯ ಯಾವ ಕೆಲಸಕ್ಕೆ ಬೇಕು ಅನ್ನೋದು ಆ ಪುಟ ಇಟ್ಕೊಂಡು ಮಾತಾಡೋ ಮೀಟಿಂಗಲ್ಲಿ ಅವರೇ ಹೇಳ್ತಾರೆ.